ಕಾಳ್ಯಾನ ಬಾಕಿ ಸೂಜಿ

ಹೋದ ವರ್ಷ ಪಂಚಮಿಗೆ ಮುಂಚಿನ ಮಾತು. ಮಂಗಸೂಳಿಗೆ ಹತ್ತಿರದ ಊರು ನಮ್ಮದು, ಮನೆತನವೆಲ್ಲ ಅಲ್ಲಿಯ ಮಲ್ಲಯ್ಯ ದೇವರ ಒಕ್ಕಲು. ನಾಯಿ ಮಲ್ಲಯ್ಯನ ಜೊತೆಗಾರ. ಹಾಗಾಗಿ ರವಿವಾರ ನೈವೇದ್ಯದ ಮೊದಲ ತುತ್ತು ನಮ್ಮ ನಾಯಿಮರಿ ಕಾಳ್ಯಾನಿಗೇ. ಆ ದಿನ ಅದನ್ನು ಕಟ್ಟುವಂತಿಲ್ಲ, ಗದರಿಸುವಂತಿಲ್ಲ. ಮನೆಯ ಸೊಸೆಗೂ ಇಲ್ಲದ ಮರ್ಯಾದೆ ಅದಕ್ಕೆ.

ಕಾಳ್ಯಾನಿಗೆ ಮೊದಲಿನ ಲಸಿಕೆಗಳೆಲ್ಲ ಆಗಿದ್ದವು. ಹುಚ್ಚುನಾಯಿ ರೋಗದ್ದೊಂದು ಬಾಕಿ. ಕಾಗವಾಡದ ದನದ ಡಾಕ್ಟರು ನಮ್ಮೂರಿಗೆ ಬರುತ್ತಿದ್ದುದು ರವಿವಾರವೇ. ಅವರು ಬ್ಯಾಗು ತೆರೆಯುವಷ್ಟರಲ್ಲಿ ನಮ್ಮ ಅತ್ತೆ ಮರಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಡುಗೆಮನೆ ಸೇರಿಬಿಟ್ಟರು.

"ಇವತ್ತ ಮಲ್ಲಯ್ಯನ ವಾರ. ಇದಕ್ಕ ಸೂಜಿ ಚುಚ್ಚಾಕ ನಾ ಕೊಡಂಗಿಲ್ಲ."

"ನಾಳೆ ರೋಗ ಬಂದ್ರ ಏನ್ ಮಾಡ್ತೀರಿ, ಅತ್ತಿ?" ಎಂದು ನಾನೂ ದನಿ ಏರಿಸಿದೆ. ಡಾಕ್ಟರು ನಗುತ್ತ ಬೈಕ್ ಹತ್ತಿದರು. ನಾನು ಮುಖ ಊದಿಸಿಕೊಂಡೇ ಪಂಚಮಿಗೆ ಪಾಲಬಾವಿಯ ತವರಿಗೆ ಹೋದೆ. ತಿರುಗಿ ಬಂದ ಮೇಲೂ ನನ್ನ ಮುನಿಸು ಹೋಗಲಿಲ್ಲ, ಅವರದೂ ಅದೇ ಕಥೆ. ರವಿವಾರ ಬೈಕಿನ ಸದ್ದಾದರೆ ಸಾಕು, ಅತ್ತೆ ಮತ್ತು ಮರಿ ಒಳಗೆ. ಡಾಕ್ಟರೂ ನಮ್ಮ ಬಾಗಿಲಲ್ಲಿ ನಿಲ್ಲದೆ ಮುಂದೆ ಹೋಗುತ್ತಿದ್ದರು.

ಕಬ್ಬಿನ ಕಟಾವು ಶುರುವಾಯಿತು. ಒಂದು ಮಧ್ಯಾಹ್ನ ಕಬ್ಬಿನ ಹೊಲದ ಕಡೆಯಿಂದ ನಾಯಿಯೊಂದು ಜೊಲ್ಲು ಸುರಿಸುತ್ತ, ತೂರಾಡುತ್ತ ನಮ್ಮ ಅಂಗಳಕ್ಕೆ ನುಗ್ಗಿತು. ನಾನು ಕೋಲು ಹುಡುಕುವುದರೊಳಗೆ ಕಾಳ್ಯಾನ ಕಿವಿ ಕಚ್ಚಿ ಹರಿದು ಓಡಿಹೋಯಿತು.

ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಸೋಪು ಹಚ್ಚಿ, ನಳದ ಕೆಳಗೆ ಗಾಯ ತೊಳೆದೆ. ಮರಿ ನಡುಗುತ್ತಿತ್ತು. "ಇದು ಇನ್ನ ಉಳಿಯಂಗಿಲ್ರಿ, ಅತ್ತಿ" ಎಂದು ಅಳತೊಡಗಿದೆ.

"ಅಳಬ್ಯಾಡ. ಸೂಜಿ ಆಗೇತಿ" ಎಂದರು ಅತ್ತೆ.

"ಈಗ ಸಮಾಧಾನಕ್ಕ ಸುಳ್ಳ ಹೇಳಬ್ಯಾಡ್ರಿ." ನಾನು ರೇಗಿದೆ. ಮರಿಯನ್ನು ಗೋಣಿಚೀಲದಲ್ಲಿ ಸುತ್ತಿ ಕಾಗವಾಡಕ್ಕೆ ಆಟೋ ಹತ್ತಿದೆವು. ದಾರಿಯುದ್ದಕ್ಕೂ ನಾನು ಅವರ ಮುಖ ನೋಡಲಿಲ್ಲ.

ದವಾಖಾನೆಯಲ್ಲಿ ನಡೆದದ್ದನ್ನೆಲ್ಲ ಹೇಳಿ, "ಹುಚ್ಚುನಾಯಿ ಸೂಜಿ ಒಂದ ಆಗಿಲ್ರಿ" ಎಂದೆ.

ಡಾಕ್ಟರು ಅತ್ತೆಯ ಕಡೆ ನೋಡಿದರು. "ಆಗೇತಲ್ರಿ. ನೀವು ಪಂಚಮಿಗೆ ಹೋದಾಗ ಅಮ್ಮಾರು ಇದನ್ನ ಚೀಲದಾಗ ಹಾಕ್ಕೊಂಡು ಬಸ್ಸಿಗೆ ಬಂದಿದ್ರು. ಬುಧವಾರ. ನಾನ ಮಾಡೇನಿ."

ನಾನು ಅಲ್ಲೇ ಬಾಗಿಲ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಡಾಕ್ಟರು ಗಾಯಕ್ಕೆ ಔಷಧಿ ಹಚ್ಚಿ, ಇನ್ನೊಂದು ಸೂಜಿ ಹಾಕಿದರು. "ಹೆದರಬ್ಯಾಡ್ರಿ. ಆದ್ರೂ ಸ್ವಲ್ಪ ದಿನ ಕಟ್ಟಿ ಹಾಕಿ, ಕಣ್ಣಿಟ್ಟಿರ್ರಿ" ಎಂದರು.

ಹೊರಗೆ ಬಂದು ಅತ್ತೆಯನ್ನು ಕೇಳಿದೆ, "ನನಗ್ಯಾಕ ಹೇಳಲಿಲ್ರಿ?"

"ನೀ ಮಾತಾಡಿದ್ರ ಅಲ್ಲ ಹೇಳೂದು" ಎಂದರು. "ನಾ ಬ್ಯಾಡ ಅಂದದ್ದು ರವಿವಾರಕ್ಕ. ಸೂಜಿಗಲ್ಲ."

ಮುಂದಿನ ರವಿವಾರ ಸರಪಳಿ ಬಿಚ್ಚಲು ನನಗೆ ಧೈರ್ಯವಿರಲಿಲ್ಲ, ಬಿಚ್ಚಬೇಡಿ ಎನ್ನಲೂ ಇರಲಿಲ್ಲ. ಅತ್ತೆಯೇ ಬಂದು ಸರಪಳಿ ಗಟ್ಟಿಯಾಗಿದೆಯೇ ಎಂದು ಎಳೆದು ನೋಡಿದರು. ಕಾಳ್ಯಾನ ಹಣೆಗೆ ಭಂಡಾರದ ಅರಿಸಿನ ಹಚ್ಚಿ, "ತಪ್ಪಾತು ಮಲ್ಲಯ್ಯಾ, ಸಣ್ಣ ಕೂಸೈತಿ" ಎಂದು ಕೈಮುಗಿದು ಮೊದಲ ತುತ್ತು ತಿನ್ನಿಸಿದರು.

ಕಾಳ್ಯಾ ಈಗ ದೊಡ್ಡದಾಗಿ ಬೆಳೆದಿದೆ. ಅದರ ಹರಿದ ಕಿವಿ ಕಂಡಾಗಲೆಲ್ಲ ನನಗೆ ಆ ಮೆಟ್ಟಿಲು ನೆನಪಾಗಿ ಎದೆ ಹಗುರಾಗುತ್ತದೆ. ಈ ವರ್ಷದ ಸೂಜಿಯ ಹೊತ್ತು ಬಂತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು, "ಬುಧವಾರ ಹೋಗೂಣು. ಈ ಸಲ ನೀನೂ ಬಾ."