ಗುರುವಾರ ಮತ್ತೆ ಹುಟ್ಟಿದ ಹಲ್ಲು

ನನ್ನ ತಂಗಿಯ ಕೆಲಸವನ್ನು ನಾನು ಯಾವತ್ತೂ ಕೆಲಸ ಅಂತ ಒಪ್ಪಿರಲಿಲ್ಲ. ಕೊಪ್ಪದಲ್ಲಿ ಒಬ್ಬರು ಹಲ್ಲಿನ ಡಾಕ್ಟರಮ್ಮನ ಮನೆಯಲ್ಲಿ ಅವಳು ಮೂರು ವರ್ಷದಿಂದ ಇದ್ದಾಳೆ. ಅಲ್ಲೇ ಊಟ, ಅಲ್ಲೇ ಒಂದು ಕೋಣೆ. ಏಳು ವರ್ಷದ ಹುಡುಗಿ, ನಾಲ್ಕು ವರ್ಷದ ಹುಡುಗ, ಇಬ್ಬರನ್ನೂ ನೋಡಿಕೊಳ್ಳಬೇಕು. ನೋಡಿಕೊಳ್ಳುವುದೆಂದರೆ ಆಡಿಸುವುದು. ಆ ಮನೆಯಲ್ಲಿ ಮಕ್ಕಳ ಕೈಗೆ ಮೊಬೈಲು ಕೊಡುವಂತಿಲ್ಲ. ಅದರ ಬದಲು ದಿನಕ್ಕೊಂದು ಹೊಸ ಆಟ ಆಡಿಸಿ, ಒಂದು ಫೋಟೋ ತೆಗೆದು ಡಾಕ್ಟರಮ್ಮನಿಗೆ ಕಳಿಸಬೇಕು. ಅವರು ಕ್ಲಿನಿಕ್ಕಿನಲ್ಲಿ ಒಬ್ಬರ ಹಲ್ಲು ಕಿತ್ತು ಇನ್ನೊಬ್ಬರ ಹಲ್ಲು ಕೀಳುವ ಮಧ್ಯೆ ಅದನ್ನು ನೋಡಿ ಖುಷಿಪಡುತ್ತಾರೆ.

ನಾನು ಇರುವುದು ಶೃಂಗೇರಿ ಹತ್ತಿರದ ಮೆಣಸೆಯಲ್ಲಿ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಅವತ್ತಿನಿಂದ ತೋಟದ ಕೆಲಸ. ತಂಗಿ ಊರಿಗೆ ಬಂದಾಗಲೆಲ್ಲ ಸುಸ್ತು ಅನ್ನುತ್ತಿದ್ದಳು.

“ಎಂತ ಸುಸ್ತೇ ಮಾರಾಯ್ತಿ ನಿಂಗೆ? ಕಣ್ಣಾಮುಚ್ಚಾಲೆ ಆಡಿ ಸೊಂಟ ಉಳುಕ್ತಾ?” ಅಂತ ನಾನು ಕೇಳುತ್ತಿದ್ದೆ.

“ಒಂದು ದಿನ ಬಂದು ನೋಡು, ಗೊತ್ತಾಗತ್ತೆ.”

“ಒಂದು ದಿನ ಎಂತಕ್ಕೆ? ಒಂದು ವಾರ ಕೊಡು. ಗೊಬ್ಬರ ಹೊತ್ತವಳು ನಾನು.”

ಆ ಮಾತು ಹೋದ ದಸರಾ ರಜೆಯಲ್ಲಿ ನನ್ನನ್ನೇ ಹುಡುಕಿಕೊಂಡು ಬಂತು. ತಂಗಿಗೆ ನರಸಿಂಹರಾಜಪುರದಲ್ಲಿ ಹೊಲಿಗೆಯ ಪರೀಕ್ಷೆ ಇತ್ತು. ಸೋಮವಾರದಿಂದ ಶನಿವಾರದವರೆಗೆ ಆರು ದಿನ ಅಲ್ಲೇ ಇರಬೇಕಿತ್ತು. ಮೂರು ವರ್ಷದಲ್ಲಿ ಅವಳು ಕೇಳಿದ ಮೊದಲ ರಜೆ ಅದು. “ನನ್ನ ಬದಲು ನಮ್ಮಕ್ಕ ಬರ್ತಾಳೆ, ನನಗಿಂತ ಚೆನ್ನಾಗಿ ನೋಡ್ಕೊಳ್ತಾಳೆ” ಅಂತ ಡಾಕ್ಟರಮ್ಮನಿಗೆ ಹೇಳಿ ನನ್ನನ್ನು ಅಲ್ಲಿ ಬಿಟ್ಟು ಹೋದಳು. ಹೋಗುವ ಮುಂಚೆ ಆರು ದಿನದ ಆಟಗಳನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟಳು. ಬಸ್ಸಿನ ಆಟ, ಎಲೆ ಅಂಗಡಿ, ಕೆಸರಿನ ಇಡ್ಲಿ, ಅಡಿಕೆ ಹಾಳೆಯ ಬಂಡಿ, ಗೊಂಬೆ ಮದುವೆ, ಕೊನೆಗೆ ಮುಟ್ಟಿದರೆ ಮುನಿಯನ್ನು ಯಾರು ಹೆಚ್ಚು ಮಲಗಿಸುತ್ತಾರೆ ಅನ್ನುವ ಪಂದ್ಯ. ಆ ಹಾಳೆ ಓದಿ ನಾನು ನಕ್ಕಿದ್ದೆ.

ಸೋಮವಾರ ಬಸ್ಸಿನ ಆಟ. ಅಂಗಳದಲ್ಲಿ ಆರು ಕುರ್ಚಿ ಸಾಲಾಗಿ ಇಟ್ಟೆವು. ಹುಡುಗ ಡ್ರೈವರು, ಕೈಯಲ್ಲಿ ಊಟದ ತಟ್ಟೆಯ ಸ್ಟೇರಿಂಗು. ಹುಡುಗಿ ಕಂಡಕ್ಟರು. ನಾನು ಪ್ಯಾಸೆಂಜರು. ಕೂತುಕೊಂಡೇ ಆಡುವ ಆಟ, ಬಹಳ ಒಳ್ಳೆಯದಾಯಿತು ಅಂದುಕೊಂಡೆ.

“ಎಲ್ಲಿಗೆ?” ಅಂದಳು ಕಂಡಕ್ಟರು.

“ಶೃಂಗೇರಿಗೆ.”

“ಟಿಕೆಟ್ ತಗೊಳ್ಳಿ.”

“ಹೆಂಗಸ್ರಿಗೆ ಫ್ರೀ ಅಲ್ವೇನೇ? ಆಧಾರ್ ಕಾರ್ಡ್ ಇದೆ ನೋಡು” ಅಂತ ನಾನು ಬುದ್ಧಿವಂತಿಕೆ ತೋರಿಸಿ ಅಂಗೈ ಹಿಡಿದೆ.

“ಇದು ಪ್ರೈವೇಟ್ ಬಸ್ಸು. ಆಧಾರ್ ನಡೆಯಲ್ಲ. ಇಳೀರಿ ಕೆಳಗೆ! ಹರಿಹರಪುರ ಬಂತು, ಇಳೀರಿ!”

ಕಾಲೊರಸುವ ಮ್ಯಾಟೇ ಹರಿಹರಪುರ. ಅಲ್ಲಿ ನನ್ನನ್ನು ಇಳಿಸಿ ಬಸ್ಸು ಹೋಯಿತು. ಹೋದ ಬಸ್ಸು ಶೃಂಗೇರಿ ಮುಟ್ಟಿ ವಾಪಸು ಬರುವವರೆಗೆ ನಾನು ನಿಂತಿರಬೇಕು. ವಾಪಸು ಬಂದಾಗ ಬಸ್ಸಿಗೆ ಪಂಕ್ಚರು, ನಾನು ತಳ್ಳಬೇಕು. ಆರೂ ಕುರ್ಚಿ ತಳ್ಳಿದೆ. ಆಮೇಲೆ ಪ್ಯಾಸೆಂಜರಾದ ನನಗೇ ವಾಂತಿ ಬಂದ ಹಾಗೆ ಆಗಬೇಕಂತೆ, ಯಾಕೆಂದರೆ ಚಿಕ್ಕಿಗೆ ಯಾವಾಗಲೂ ಬರುತ್ತದೆ. ಚಿಕ್ಕಿ ಅಂದರೆ ನನ್ನ ತಂಗಿ. ನಾನು ದೊಡ್ಡ ಚಿಕ್ಕಿ. ನಾನು ವಾಂತಿ ಮಾಡಿದ್ದು ಅವರಿಗೆ ಹಿಡಿಸಲಿಲ್ಲ. “ಚಿಕ್ಕಿ ಇನ್ನೂ ಜೋರಾಗಿ ಮಾಡ್ತಾರೆ” ಅಂದ ಡ್ರೈವರು. ನಾಲ್ಕು ಸಲ ವಾಂತಿ ಮಾಡಿದೆ. ಬಸ್ಸು ಕೊಪ್ಪಕ್ಕೂ ಶೃಂಗೇರಿಗೂ ಒಂಬತ್ತು ಟ್ರಿಪ್ಪು ಹೊಡೆಯಿತು. ಇಷ್ಟೆಲ್ಲ ಆದ ಮೇಲೆ ಗಡಿಯಾರ ನೋಡಿದರೆ ಹನ್ನೊಂದೂವರೆ. ಡಾಕ್ಟರಮ್ಮ ಬರುವುದು ಸಂಜೆ ಏಳಕ್ಕೆ.

ಅವತ್ತೇ ನನಗೆ ಗೊತ್ತಾಯಿತು, ಗೊಬ್ಬರದ ಬುಟ್ಟಿ ಎಷ್ಟೋ ವಾಸಿ. ಹೊತ್ತು ಹಾಕಿದ ಮೇಲೆ ಅದು “ಇನ್ನೊಂದು ಸಲ” ಅನ್ನುವುದಿಲ್ಲ. ಆದರೆ ತಂಗಿಗೆ ಫೋನು ಮಾಡಿ ಹಾಗೆ ಹೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ. ಸಂಜೆ ಅವಳೇ ಮಾಡಿದಳು.

“ಹೆಂಗಾತಕ್ಕಾ?”

“ಎಂತ ಇದೆ ಇದ್ರಲ್ಲಿ? ಕೂತ್ಕಂಡು ಹೋತು” ಅಂದೆ. ಗಂಟಲು ಕಟ್ಟಿ ಹೋಗಿ ಮಾತು ಪಿಸಪಿಸ ಬರುತ್ತಿತ್ತು. ಅವಳ ಪರೀಕ್ಷೆ ಹೇಗಾಯಿತು ಅಂತ ಕೇಳುವುದಕ್ಕೆ ಮರೆತೆ.

ಮಂಗಳವಾರ ನನಗೆ ಆ ಯೋಚನೆ ಬಂದದ್ದು ಮಕ್ಕಳ ಬಟ್ಟೆ ಮಡಿಸುವಾಗ. ಡಾಕ್ಟರಮ್ಮ ನೋಡುವುದು ಫೋಟೋ ಮಾತ್ರ. ಫೋಟೋದಲ್ಲಿ ಆಟ ಬೇರೆ, ಅಂಗಿ ಬೇರೆ ಇದ್ದರೆ ದಿನವೂ ಬೇರೆಯಾಯಿತು. ಒಂಬತ್ತಕ್ಕೆ ಅವರು ಕ್ಲಿನಿಕ್ಕಿಗೆ ಹೋದರು. ಮಕ್ಕಳ ಅಪ್ಪ ಅದಕ್ಕೂ ಮೊದಲೇ ಬಾಳೆಹೊನ್ನೂರಿನ ತಮ್ಮ ಆಫೀಸಿಗೆ ಹೋಗಿದ್ದರು. ಒಂಬತ್ತೂಕಾಲಿಗೆ ನಾನು ಮಕ್ಕಳನ್ನು ಕೂರಿಸಿ, “ಇವತ್ತು ಅಂಗಿ ಬದಲಾಯಿಸೋ ಆಟ” ಅಂದೆ.

ಎಲೆ ಅಂಗಡಿ ತೆರೆದು ಮೂರು ನಿಮಿಷಕ್ಕೆ ಮುಚ್ಚಿದೆವು. ಅಂಗಿ ಬದಲು. ಕೆಸರಿನಲ್ಲಿ ಎರಡು ಇಡ್ಲಿ ತಟ್ಟಿದೆವು. ಕೈ ತೊಳೆದು ಅಂಗಿ ಬದಲು. ಅಡಿಕೆ ಹಾಳೆಯ ಮೇಲೆ ಹುಡುಗಿಯನ್ನು ಕೂರಿಸಿ ಎರಡು ಮಾರು ಎಳೆದೆ. ಅವಳು ಬಾಯಿ ಪೂರ್ತಿ ತೆರೆದು ನಕ್ಕಳು. ಬಹಳ ಚೆಂದದ ಫೋಟೋ ಬಂತು. ಮತ್ತೆ ಅಂಗಿ ಬದಲು. ಗೊಂಬೆ ಮದುವೆಗೆ ಮಂಟಪ ಕಟ್ಟುವಷ್ಟು ಪುರುಸೊತ್ತು ಇರಲಿಲ್ಲ, ರಿಜಿಸ್ಟರ್ ಮದುವೆ ಮಾಡಿಸಿದೆ. ಮುಟ್ಟಿದರೆ ಮುನಿಯನ್ನು ಬೇಲಿಯ ಬದಿಯಲ್ಲಿ ಕಾಲಿನಿಂದ ಒಂದೇ ಸಲ ಮಲಗಿಸಿದೆ. ಹುಡುಗ ಮಾತ್ರ ಹಳೆಯ ಅಂಗಿ ತೆಗೆಯುವುದಕ್ಕೆ ಒಪ್ಪದೆ ಒಂದರ ಮೇಲೊಂದು ಹಾಕಿಸಿಕೊಂಡ. ಕೊನೆಯ ಫೋಟೋದಲ್ಲಿ ಅವನು ಐದು ಅಂಗಿಯಲ್ಲಿ ಹಲಸಿನ ಹಣ್ಣಿನಂತೆ ನಿಂತಿದ್ದಾನೆ, ಕೈ ಕೆಳಗೆ ಇಳಿಯುತ್ತಿಲ್ಲ.

ಹತ್ತೂವರೆಗೆ ಶನಿವಾರ ಮುಗಿಯಿತು.

ಆಮೇಲೆ ನಾನು ಮಾಡಿದ್ದನ್ನು ಹೇಳಲು ನಾಚಿಕೆ. ನನ್ನ ಮೊಬೈಲಿನಲ್ಲಿ ಕಾರ್ಟೂನು ಹಾಕಿ ಮಕ್ಕಳ ಕೈಗೆ ಕೊಟ್ಟೆ. “ಅಮ್ಮಂಗೆ ಹೇಳ್ಬಾರ್ದು, ಇದು ಗುಟ್ಟಿನ ಆಟ” ಅಂದೆ. ನಾನು ಟಿವಿಯಲ್ಲಿ ಧಾರಾವಾಹಿ ಹಾಕಿಕೊಂಡು ಸೋಫಾದಲ್ಲಿ ಮಲಗಿದೆ. ದಿನಾ ಹನ್ನೊಂದಕ್ಕೆ ಮಕ್ಕಳಿಂದ ಮೊಬೈಲು ಇಸಿದುಕೊಂಡು ಅವತ್ತಿನ ಪಾಲಿನ ಫೋಟೋ ಕಳಿಸುವುದು, ಮತ್ತೆ ವಾಪಸು ಕೊಡುವುದು. ಮಕ್ಕಳು ಸ್ನಾನ ಮಾಡಿದ ಮೇಲೆ ಆ ದಿನದ ಫೋಟೋದಲ್ಲಿದ್ದ ಅಂಗಿಯನ್ನೇ ಹಾಕುತ್ತಿದ್ದೆ. ಅಂಗಿಯ ವಿಷಯದಲ್ಲಿ ನಾನು ಅಷ್ಟು ಹುಷಾರಿ.

ಬುಧವಾರ ಮಧ್ಯಾಹ್ನ ಹುಡುಗಿ ಕೋಡುಬಳೆ ಕಡಿದಳು, ಮುಂದಿನ ಮೇಲಿನ ಹಲ್ಲು ಅದರಲ್ಲೇ ಕೂತಿತು.

ಬಿದ್ದ ಹಲ್ಲನ್ನು ಸಗಣಿಯಲ್ಲಿ ಸುತ್ತಿ ಮನೆಯ ಮಾಡಿನ ಮೇಲೆ ಎಸೆಯಬೇಕು, ಇಲ್ಲದಿದ್ದರೆ ಹೊಸದು ಬರುವುದಿಲ್ಲ ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ಹಲ್ಲಿನ ಡಾಕ್ಟರ ಮನೆಯಲ್ಲಿ ಇದನ್ನು ಹೇಳಬಾರದಿತ್ತು. ಹೇಳಿಬಿಟ್ಟೆ. ಮೊಬೈಲು ಸೋಫಾದ ಮೇಲೆ ಬಿತ್ತು, ಇಬ್ಬರೂ ಎದ್ದು ನಿಂತರು. ಮೂವರೂ ಸಗಣಿ ಹುಡುಕಿಕೊಂಡು ಹೊರಟೆವು. ರಸ್ತೆಯಲ್ಲಿ ಒಂದು ದನ ಸಿಕ್ಕಿತು, ಆದರೆ ಅದಕ್ಕೆ ಮನಸ್ಸಿರಲಿಲ್ಲ. ಅದರ ಹಿಂದೆ ಕಾಲು ಗಂಟೆ ನಡೆದೆವು. ಹುಡುಗ ಅದಕ್ಕೆ “ಪ್ಲೀಸ್” ಅಂದ. ಕೊನೆಗೆ ಅದು ದೊಡ್ಡ ಮನಸ್ಸು ಮಾಡಿತು. ಅವರ ಮನೆಯದು ತಾರಸಿ, ಅದಕ್ಕೆ ಪಕ್ಕದ ಹೆಂಚಿನ ಮನೆಯ ಅಜ್ಜಿಯ ಅಪ್ಪಣೆ ಕೇಳಿದೆವು. “ಎಸೀರಿ ಎಸೀರಿ, ನನ್ನ ಮಾಡಿನ ಮೇಲೆ ನಂದೂ ಇಪ್ಪತ್ತು ಹಲ್ಲಿದೆ” ಅಂದರು ಅವರು. ಹುಡುಗಿ ಎಸೆದಳು. ತನಗೂ ಎಸೆಯಬೇಕು, ಒಂದು ಹಲ್ಲು ಕಿತ್ತುಕೊಡಿ ಅಂತ ಹುಡುಗ ನೆಲಕ್ಕೆ ಬಿದ್ದು ಅತ್ತ. ಒಂದು ಕಡಲೆಬೀಜವನ್ನು ಸಗಣಿಯಲ್ಲಿ ಸುತ್ತಿ ಕೊಟ್ಟೆವು. ಅವನು ಎಸೆದದ್ದು ಮಾಡಿಗೆ ಹೋಗಲಿಲ್ಲ, ನನ್ನ ತಲೆಗೆ ಬಂತು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ವಾರದಲ್ಲಿ ನಾನು ಮನಸಾರೆ ಆಡಿದ್ದು ಅದೊಂದೇ ಆಟ. ಅದರ ಫೋಟೋ ನಾನು ತೆಗೆಯಲಿಲ್ಲ. ಬುಧವಾರದ್ದು ಕಳಿಸಿ ಆಗಿತ್ತಲ್ಲ.

ಹಲ್ಲು ಬಿದ್ದ ಸುದ್ದಿ ಕೇಳಿ ಡಾಕ್ಟರಮ್ಮ ಸಂಜೆ ಟಾರ್ಚು ಹಿಡಿದು ಮಗಳ ಬಾಯಿ ನೋಡಿದರು. ಗುರುವಾರ ಹನ್ನೊಂದಕ್ಕೆ ನಾನು ಹಾಳೆ ಬಂಡಿಯ ಫೋಟೋ ಕಳಿಸಿದೆ. ಅಂಗಿ ನೋಡಿದೆ, ಹಳದಿ, ಸರಿಯಾಗಿದೆ. ಹಲ್ಲು ನೋಡಲಿಲ್ಲ.

ಡಾಕ್ಟರಮ್ಮ ನನಗೆ ಏನೂ ಹೇಳಲಿಲ್ಲ. ಶುಕ್ರವಾರವೂ ಹೇಳಲಿಲ್ಲ. ಶನಿವಾರ ಸಂಜೆ ನಾನು ಮೆಣಸೆಗೆ ಬಂದೆ. ಭಾನುವಾರ ಮಧ್ಯಾಹ್ನ, ಕೊಪ್ಪಕ್ಕೆ ವಾಪಸಾಗಿದ್ದ ತಂಗಿಯ ಫೋನು ಬಂತು.

“ಅಕ್ಕಾ, ಫೋಟೋ ಎಲ್ಲ ಆಯಾ ದಿನನೇ ತೆಗೆದದ್ದಲ್ವಾ?”

“ಮತ್ತೆ? ಮುಂದಿನ ವರ್ಷದ್ದು ತೆಗೆಯಕ್ಕಾಗತ್ತಾ?”

“ಅಲ್ಲ, ಬುಧವಾರ ಹಲ್ಲು ಬಿದ್ದಿದೆ. ಗುರುವಾರದ ಫೋಟೋದಲ್ಲಿ ಹಲ್ಲಿದೆ.”

ಆಗಲಾದರೂ ಹೇಳಬಹುದಿತ್ತು.

“ಈಗಿನ ಫೋನು ತಂತಾನೇ ಚೆಂದ ಮಾಡತ್ತಂತೆ ಕಣೇ” ಅಂದೆ. “ಮೊಡವೆ ತೆಗೆಯೋದಿಲ್ವಾ? ಹಂಗೇ ಹಲ್ಲು ಹಾಕಿರ್ಬೇಕು.”

“ಹೌದಾ? ನಿನ್ನ ಫೋನಲ್ಲಿ ಅದೆಲ್ಲ ಇದ್ಯಾ?” ಅಂದಳು. ನಾನು ಹೇಳಿದೆ ಅಂತ ನಂಬಿದಳು. ನಂಬಿದ್ದಲ್ಲದೆ, ಹೋಗಿ ಅದನ್ನೇ ಹಲ್ಲಿನ ಡಾಕ್ಟರಿಗೆ ಹೇಳಿದಳು.

ಸೋಮವಾರ ಬೆಳಿಗ್ಗೆ ಮತ್ತೆ ಫೋನು. ಈ ಸಲ ಅವಳು ಅಳುತ್ತಿದ್ದಳು. ಡಾಕ್ಟರಮ್ಮ ರಾತ್ರಿ ಊಟ ಆದ ಮೇಲೆ ತಂಗಿ ಕಳಿಸಿದ್ದ ಹಳೆಯ ಫೋಟೋಗಳನ್ನೆಲ್ಲ ಒಂದೊಂದೇ ದೊಡ್ಡದು ಮಾಡಿ ನೋಡಿದರಂತೆ. ಇದು ಯಾವ ದಿನ, ಇದೂ ಹೀಗೇನಾ, ಈ ಉಗುರು ಯಾವಾಗ ಕತ್ತರಿಸಿದ್ದು ಅಂತ ಕೇಳಿದರಂತೆ. ರಜೆ ಮುಗಿದ ಮೇಲೆ ಮಕ್ಕಳನ್ನು ಬೇರೆ ಕಡೆ ಬಿಡುವ ಯೋಚನೆ ಇದೆ ಅಂದರಂತೆ.

“ಕೆಲಸ ಬಿಡಿಸಿದ್ರೆ ಬಿಡಿಸ್ಲಿ ಅಕ್ಕಾ. ಮೂರು ವರ್ಷ ನಾನು ಒಂದು ದಿನ ಮೋಸ ಮಾಡಿಲ್ಲ. ಅದನ್ನೆಲ್ಲ ಹಂಗೆ ನೋಡಿದ್ರಲ್ಲ. ನಮ್ಮಕ್ಕ ಸುಳ್ಳು ಹೇಳೋದಿಲ್ಲ ಅಂತ ಎಷ್ಟು ಹೇಳಿದೆ ಗೊತ್ತಾ?”

ನಾನು ಫೋನಿಟ್ಟು ಕೊಪ್ಪದ ಬಸ್ಸು ಹತ್ತಿದೆ. ನಿಜವಾದ ಹರಿಹರಪುರ ಬಂದಾಗ ಇಳಿದು ಓಡಿ ಹೋಗೋಣ ಅನ್ನಿಸಿತ್ತು.

ಕ್ಲಿನಿಕ್ಕಿನಲ್ಲಿ ಕೆನ್ನೆ ಊದಿಸಿಕೊಂಡವರ ಸಾಲಿನಲ್ಲಿ ಕೂತೆ. ಚೀಟಿ ಬರೆಯುವ ಹುಡುಗಿ “ಯಾವ ಹಲ್ಲು?” ಅಂದಳು. “ಮುಂದಿನದು. ಆದ್ರೆ ನಂದಲ್ಲ” ಅಂದೆ. ಅವಳು ಏನು ಬರೆದುಕೊಂಡಳೋ, ನನ್ನ ಸರದಿ ಬಂದಾಗ ನೇರ ಆ ಉದ್ದದ ಕುರ್ಚಿಯಲ್ಲಿ ಮಲಗಿಸಿದಳು. ಮೇಲಿನ ದೀಪ ಕಣ್ಣಿಗೆ ಬಿತ್ತು. ಡಾಕ್ಟರಮ್ಮ ಮಾಸ್ಕು ಹಾಕಿಕೊಂಡು ಬಂದು, ಯಾರು ಅಂತ ನೋಡದೆ, “ಬಾಯಿ ತೆಗೀರಿ” ಅಂದರು. ತೆಗೆದೆ. ಕನ್ನಡಿಯ ಕಡ್ಡಿ ಒಳಗೆ ಹೋಯಿತು. ಆ ಕಡ್ಡಿ ಬಾಯಲ್ಲಿರುವಾಗಲೇ ನಾನು ಹೇಳುವುದಕ್ಕೆ ಶುರುಮಾಡಿದೆ.

“ಆಆ... ಆಂಗಿ... ಐಉ...”

“ಏನು?” ಅಂತ ಕಡ್ಡಿ ತೆಗೆದರು. ಆಗ ನನ್ನ ಗುರುತು ಸಿಕ್ಕಿತು.

“ಅಂಗಿ, ಅಮ್ಮಾ. ಐದು ಅಂಗಿ. ಎಲ್ಲ ಮಂಗಳವಾರನೇ ತೆಗೆದದ್ದು. ತಂಗಿಗೆ ಗೊತ್ತಿಲ್ಲ. ಅವಳ ಮೂರು ವರ್ಷದ್ದು ಎಲ್ಲ ಸತ್ಯ. ಮೊಬೈಲಿನಲ್ಲಿ ಕಾರ್ಟೂನು ತೋರಿಸಿದವಳೂ ನಾನೇ. ಸಗಣಿ ಮುಟ್ಟಿಸಿದವಳೂ ನಾನೇ. ಪಕ್ಕದ ಮನೆ ಮಾಡಿನ ಮೇಲೆ ಹಲ್ಲಿದೆ, ಬೇಕಾದ್ರೆ ನೋಡ್ಬೋದು.”

ಅವರು ಮಾಸ್ಕು ಕೆಳಗೆ ಎಳೆದರು. ಬಹಳ ಹೊತ್ತು ನನ್ನನ್ನೇ ನೋಡಿದರು. ಮಲಗಿಕೊಂಡು ಬೈಗುಳಕ್ಕೆ ಕಾಯುವುದು ಕಷ್ಟ, ಕೈ ಎಲ್ಲಿಡಬೇಕು ಅಂತ ಗೊತ್ತಾಗುವುದಿಲ್ಲ.

“ಅದಕ್ಕೇ ಅವನ ಕೈ ಕೆಳಗೆ ಇಳೀತಿರಲಿಲ್ಲ, ಹೌದಾ?” ಅಂದರು. “ನಾನು ಶನಿವಾರ ಎಲ್ಲ ಅವನ ಭುಜಕ್ಕೆ ಏನಾಯ್ತು ಅಂತ ಹೆದರಿದ್ದೆ.” ನಗು ಬಂದದ್ದನ್ನು ತಡೆದುಕೊಂಡರು. ಆಮೇಲೆ ಮುಖ ಗಂಭೀರ ಮಾಡಿ, “ನಿಮ್ಮ ತಂಗಿಗೆ ಹೇಳಿದ್ರಾ?”

“ಇಲ್ಲ.”

“ನಾನು ಅವರ ಹತ್ರ ತಪ್ಪಾಯ್ತು ಅನ್ನಬೇಕು. ನಾನು ಸಂಜೆ ಬರೋದರೊಳಗೆ ಮೊದಲು ನೀವು ಹೇಳಿ.” ನಾನು ಎದ್ದೇಳುವಾಗ ಸೇರಿಸಿದರು, “ನಿಮಗೆ ಹಿಂದೆ ಎರಡು ಹುಳುಕಿದೆ.”

ಮನೆಯ ಅಂಗಳದಲ್ಲಿ ಕುರ್ಚಿಗಳ ಬಸ್ಸು ಓಡುತ್ತಿತ್ತು. ಅವತ್ತು ತಂಗಿಯೇ ಡ್ರೈವರು. ಅತ್ತು ಕಣ್ಣು ಊದಿದ್ದರೂ ತಟ್ಟೆ ತಿರುಗಿಸುತ್ತ, ಬಾಯಲ್ಲಿ ಹಾರ್ನು ಹೊಡೆಯುತ್ತಿದ್ದಳು. ನಾನು ಹೋಗಿ ಕೊನೆಯ ಸೀಟಿನಲ್ಲಿ ಕೂತೆ. ಅವಳ ಬೆನ್ನಿಗೆ ಎಲ್ಲ ಹೇಳಿದೆ. ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ. ಹಾರ್ನು ನಿಂತಿತು. ಅವಳು ತಿರುಗಲಿಲ್ಲ.

“ಕಂಡಕ್ಟರ್” ಅಂದಳು. “ಹಿಂದಿನ ಸೀಟಿನವರ ಹತ್ರ ಟಿಕೆಟ್ ಇದ್ಯಾ ನೋಡಿ.”

“ಇಲ್ಲ ಚಿಕ್ಕಿ!” ಹುಡುಗಿ ಹಲ್ಲಿಲ್ಲದ ಸಂದಿಯಿಂದ ಸೀಟಿ ಊದಿದಳು.

“ಹರಿಹರಪುರದಲ್ಲಿ ಇಳಿಸಿ.”

ಇಳಿದು ಮ್ಯಾಟಿನ ಮೇಲೆ ನಿಂತೆ. ಬಸ್ಸು ಹೊರಟಿತು. ಶೃಂಗೇರಿ ಮುಟ್ಟಿತು, ಅಲ್ಲಿ ಊಟಕ್ಕೆ ನಿಲ್ಲಿಸಿತು, ನಿಜವಾಗಿಯೂ ಮೂವರೂ ಒಳಗೆ ಹೋಗಿ ಅನ್ನ ಸಾರು ಉಂಡರು. ನಾನು ಮ್ಯಾಟು ಬಿಟ್ಟು ಕದಲಲಿಲ್ಲ. ಹುಡುಗ ಎರಡು ಸಲ ಬಾಗಿಲಿಗೆ ಬಂದು ನೋಡಿದ.

“ದೊಡ್ಡ ಚಿಕ್ಕಿನ ಹತ್ತಿಸ್ಕೊಳ್ಳೋಣ್ವಾ?”

“ವಾಪಸ್ ಬರುವಾಗ ನೋಡಾಣ” ಅಂತ ಒಳಗಿಂದ ತಂಗಿಯ ದನಿ ಕೇಳಿತು.

ಬಸ್ಸು ವಾಪಸು ಬಂದದ್ದು ಮೂರು ಗಂಟೆಗೆ. ನನ್ನ ಮುಂದೆ ನಿಧಾನವಾಯಿತು, ನಿಲ್ಲಲಿಲ್ಲ. ನಾನು ರಸ್ತೆ ಬದಿಯಿಂದ ಕೂಗಿದೆ, “ಪರೀಕ್ಷೆ ಹೆಂಗಾತೇ?”

ಅವಳು ಬ್ರೇಕು ಒತ್ತಿದಳು. ತಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಮೊದಲ ಸಲ ನನ್ನ ಕಡೆ ತಿರುಗಿದಳು.

“ಒಂದು ಅಂಗಿ ಹೊಲೀಬೇಕಿತ್ತು” ಅಂದಳು. “ಒಂದೇ ಅಂಗಿ. ಅದಕ್ಕೆ ಆರು ದಿನ ಆತು.”