ಚಿರತೆ ಬಿಟ್ಟು ಎಲೆ ಹಿಡಿದ ಕ್ಯಾಮೆರಾ

ಒಂದು ಕಾಲದಲ್ಲಿ ನಮ್ಮ ಮನೆಯ ಅಕ್ಕಿ ಡಬ್ಬಕ್ಕೆ ಕೈ ಹಾಕಿದರೆ ಮೊದಲು ಸಿಗುತ್ತಿದ್ದುದು ಅಕ್ಕಿಯಲ್ಲ, ಕ್ಯಾಮೆರಾ. ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ, ಅಕ್ಕಿ ತೇವವನ್ನೆಲ್ಲ ಹೀರಿಕೊಳ್ಳುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ನಾನೇ ಅದನ್ನಲ್ಲಿ ಮಲಗಿಸಿದ್ದೆ. ಅನ್ನಕ್ಕಿಡುವ ಹೊತ್ತಿಗೆ ನನ್ನ ಹೆಂಡತಿ ಅದನ್ನು ಹಸುಗೂಸಿನಂತೆ ಎತ್ತಿ ಪಕ್ಕಕ್ಕಿಟ್ಟು, ನನ್ನನ್ನು ಮಾತ್ರ ಹಾಗೆ ಎತ್ತಿಡಲಾಗದ ಬೇಸರದಿಂದ ನೋಡುತ್ತಿದ್ದಳು.

ಬಿಡದಿಯ ಸುತ್ತ ದಿನಕ್ಕೊಂದು ಕಾರ್ಖಾನೆಯ ಕಾಂಪೌಂಡು ಏಳುತ್ತಿದ್ದ ಕಾಲವದು. ಅಂಥದೊಂದು ಕಾಂಪೌಂಡಿನೊಳಗೆ ನನ್ನದು ತಪಾಸಣೆಯ ಕೆಲಸ. ಕಾರಿನ ಬಿಡಿಭಾಗಗಳು ಸಾಲಾಗಿ ಮುಂದೆ ಬರುತ್ತವೆ, ಗೀರು ಕಂಡದ್ದನ್ನು ತೆಗೆದು ಬದಿಗಿಡಬೇಕು. ವಾರಕ್ಕೆ ಆರು ದಿನ ಗೀರುಗಳನ್ನೇ ನೋಡಿ ದಣಿದ ಕಣ್ಣಿಗೆ ಏಳನೆಯ ದಿನವಾದರೂ ಹಕ್ಕಿ, ಪ್ರಾಣಿ ಕಾಣಲಿ ಎಂದು ಬೆಂಗಳೂರಿಗೆ ಹೋಗಿ ಉದ್ದ ಲೆನ್ಸಿನ ಡಿಜಿಟಲ್ ಕ್ಯಾಮೆರಾ ಕೊಂಡು ತಂದೆ. ಅದರಲ್ಲಿ ಆಟೊಫೋಕಸ್ ಎಂಬುದೊಂದಿತ್ತು. ಗುಂಡಿಯನ್ನು ಅರ್ಧ ಒತ್ತಿದರೆ ಸಾಕು, ಯಾವುದು ಸ್ಪಷ್ಟವಾಗಿ ಕಾಣಬೇಕೆಂಬುದನ್ನು ಅದೇ ನಿರ್ಧರಿಸುತ್ತದೆ, ನೀವು ಏನೂ ಮಾಡಬೇಕಿಲ್ಲ ಎಂದಿದ್ದರು ಅಂಗಡಿಯವರು. ಏನೂ ಮಾಡಬೇಕಿಲ್ಲ ಎಂಬ ಮಾತನ್ನು ನನಗೆ ಅದುವರೆಗೆ ಯಾರೂ, ನನ್ನ ಮದುವೆಯ ದಿನ ಕೂಡ, ಅಷ್ಟು ಮರ್ಯಾದೆಯಿಂದ ಹೇಳಿರಲಿಲ್ಲ.

ಮೊದಲ ಭಾನುವಾರ ರಾಮದೇವರ ಬೆಟ್ಟಕ್ಕೆ ಹೋಗಿ ರಣಹದ್ದಿಗೆ ಗುರಿಯಿಟ್ಟೆ. ಲೆನ್ಸು ಗುರ್ರೆಂದು ಮುಂದೆ ಹೋಯಿತು, ಹಿಂದೆ ಬಂತು, ಏನೋ ಮರೆತವರಂತೆ ಮತ್ತೆ ಮುಂದೆ ಹೋಯಿತು. ಅದು ಒಂದು ತೀರ್ಮಾನಕ್ಕೆ ಬರುವಷ್ಟರಲ್ಲಿ ರಣಹದ್ದು ಮಾಗಡಿಯ ದಿಕ್ಕಿಗೆ ಹೊರಟುಹೋಗಿತ್ತು. ಹೀಗೆ ಎರಡು ತಿಂಗಳಲ್ಲಿ ನನ್ನ ಬಳಿ ಶುಭ್ರವಾದ ಆಕಾಶದ ಚಿತ್ರಗಳ ದೊಡ್ಡ ಸಂಗ್ರಹವೇ ಕೂಡಿತು.

ಹೀಗಿರುವಾಗ ನಿಂಗಮ್ಮ ಚಿಕ್ಕಮ್ಮನಿಂದ ಕರೆ ಬಂತು. ನನ್ನ ತಾಯಿಯ ತಂಗಿಯಾದ ಆಕೆ ರಾಮನಗರದಿಂದ ಮಾಗಡಿಗೆ ಹೋಗುವ ದಾರಿಯಲ್ಲಿ, ಬಂಡೆಗುಡ್ಡವೊಂದರ ಬುಡದಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಿದ್ದಳು. ಒಂದು ಸಂಜೆ ಸೊಪ್ಪು ಕೊಯ್ಯುವಾಗ ಗುಡ್ಡದ ಬಂಡೆಯ ಮೇಲೆ ಚಿರತೆ ಕೂತದ್ದನ್ನು ಕಂಡಳಂತೆ. ಊರಿಗೆ ಬಂದು ಹೇಳಿದರೆ ಚಹಾದಂಗಡಿಯ ಜಗಲಿಗೆ ಜಗಲಿಯೇ ನಕ್ಕಿತು. ಆಗಷ್ಟೇ ಆಕೆಯ ಕಣ್ಣಿನ ಪೊರೆ ತೆಗೆದು ಹೊಸ ಲೆನ್ಸು ಹಾಕಿದ್ದರು. ಆಪರೇಷನ್ ಆದವರಿಗೆ ನಾಯಿಯೂ ಚಿರತೆಯಾಗಿ ಕಾಣುತ್ತದೆ ಎಂದು ಎಲ್ಲರಿಗಿಂತ ಜೋರಾಗಿ ನಕ್ಕವನು ಮೇಕೆ ಸಾಕುವ ಚಿಕ್ಕಣ್ಣ. ಅರಣ್ಯದ ಗಾರ್ಡು ಬಂದು ನೋಡಿ, ಬಂಡೆಯ ಮೇಲೆ ಹೆಜ್ಜೆ ಮೂಡುವುದಿಲ್ಲ, ಪುರಾವೆಯಿಲ್ಲದೆ ಬೋನು ಇಡುವುದಿಲ್ಲ ಎಂದು ಹೋದ. ಮೂವತ್ತು ವರ್ಷ ಒಂಟಿಯಾಗಿ ತೋಟಕ್ಕೆ ಹೋಗುತ್ತಿದ್ದ ಹೆಂಗಸು ಈಗ ಜೊತೆಗೆ ಬರುವಂತೆ ಮನೆಮನೆಗೆ ಹೋಗಿ ಕೇಳಬೇಕಾಯಿತು. ಕೇಳಿದಾಗಲೆಲ್ಲ ಅದೇ ನಗು. ಸೊಪ್ಪು ತಡವಾಗಿ ಹುಳುಗಳು ಹಸಿದು ತಲೆಯೆತ್ತಿ ಕಾಯುತ್ತಿದ್ದವು.

ನಾನು ಅಕ್ಕಿ ಕೊಡವಿ ಕ್ಯಾಮೆರಾ ಹೊತ್ತು ಹೋದೆ. ತೋಟದ ಪಂಪ್‌ಸೆಟ್ ಮನೆಯ ಛಾವಣಿಯ ಮೇಲೆ ಚಿಕ್ಕಮ್ಮ, ನಾನು ಇಬ್ಬರೂ ಎರಡು ಭಾನುವಾರ ಕೂತೆವು. ಎರಡನೆಯ ಸಂಜೆ, ಬಿಸಿಲು ಹಳದಿಯಾಗುವ ಹೊತ್ತಿಗೆ, ಆಕೆ ನನ್ನ ಮೊಣಕೈ ಹಿಂಡಿದಳು.

"ಎಡಗಡೆ ಬಂಡೆ ನೋಡು ಮಗ. ಕುಂತೈತೆ."

ನಾನು ಗುಂಡಿಯನ್ನು ಅರ್ಧ ಒತ್ತಿದೆ. ಲೆನ್ಸು ಈ ಸಲ ಹೆಚ್ಚು ತಡಕಾಡಲಿಲ್ಲ. ಬೀಪ್ ಎಂದು ತೃಪ್ತಿಯ ಸದ್ದು ಮಾಡಿತು, ಕೆಂಪು ಚೌಕವೊಂದು ಮಿನುಗಿತು. ಮತ್ತೆ ಒತ್ತಿದೆ, ಮತ್ತೆ ಬೀಪ್. ಕಾರ್ಡು ತುಂಬುವವರೆಗೂ ಒತ್ತಿದೆ. ಹಿಂಬದಿಯ ಪುಟ್ಟ ಪರದೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಂಡಿತು.

ರಾಮನಗರದ ಸ್ಟುಡಿಯೋದಲ್ಲಿ ದೊಡ್ಡದಾಗಿ ಮುದ್ರಿಸಿದ ಮೇಲೆ ನಿಜ ಗೊತ್ತಾಯಿತು. ನಮ್ಮ ಮೂಗಿನ ನೇರಕ್ಕೆ ಬಾಗಿದ್ದ ಹಿಪ್ಪುನೇರಳೆಯ ಎಲೆಯೊಂದನ್ನು ಆ ಯಂತ್ರ ಮನಸಾರೆ ಮೆಚ್ಚಿಕೊಂಡಿತ್ತು. ಎಲೆಯ ಒಂದೊಂದು ನರ, ಅಂಚಿನ ಒಂದೊಂದು ಹಲ್ಲು, ಅದರ ಮೇಲೆ ನಡೆಯುತ್ತಿದ್ದ ಇರುವೆಯ ಮೀಸೆಯನ್ನು ಕೂಡ ಎಣಿಸಬಹುದಿತ್ತು. ಅದರ ಹಿಂದೆ, ಅರಿಸಿನದ ನೀರು ಚೆಲ್ಲಿದಂತೆ, ಒಂದು ಮಬ್ಬು ಹಳದಿ ಕಲೆ.

ಆದರೂ ಚಿತ್ರವನ್ನು ಚಹಾದಂಗಡಿಗೆ ಒಯ್ದೆವು. ಒಬ್ಬರು ಹುಲ್ಲಿನ ಮೆದೆ ಎಂದರು, ಇನ್ನೊಬ್ಬರು ಗೋಣಿಚೀಲ ಎಂದರು. ರೈತರೊಬ್ಬರು ಬಹಳ ಹೊತ್ತು ನೋಡಿ, ಇದು ಯಾವ ತಳಿಯ ಸೊಪ್ಪು, ನೆಡಲು ಕಡ್ಡಿ ಸಿಗುತ್ತದೆಯೇ ಎಂದು ವಿಚಾರಿಸಿದರು. ಗಾರ್ಡು ಕನ್ನಡಕ ಏರಿಸಿ, ಕಚೇರಿಯ ಗಾಂಭೀರ್ಯದಿಂದಲೇ ಹೇಳಿದ:

"ಇದು ನಮ್ಮ ಇಲಾಖೆಗೆ ಬರಲ್ಲ ಕಣಮ್ಮ. ರೇಷ್ಮೆ ಇಲಾಖೆಗೆ ಕೊಡಿ."

ನಗು ತಣ್ಣಗಾದ ಮೇಲೆ ಚಿಕ್ಕಣ್ಣ ನನ್ನತ್ತ ತಿರುಗಿ, ಫೋಟೊ ಹಾಳಾಗಿ ಹೋಗಲಿ, ನೀನೂ ಅಲ್ಲೇ ಇದ್ದೆಯಲ್ಲ, ಚಿರತೆಯೇ ಹೌದೋ ಎಂದು ಕೇಳಿದ. ಗೆಳೆಯರೆ, ನಿಮಗೆ ಸುಳ್ಳು ಹೇಳಲಾರೆ. ನಾನು "ಇರಬಹುದು" ಎಂದುಬಿಟ್ಟೆ. ಚಿಕ್ಕಮ್ಮ ಮುಖ ತಿರುಗಿಸಿಕೊಂಡು ಸೆರಗು ಕೊಡವಿ ಎದ್ದುಹೋದಳು.

ನಾನು ಹಿಂದೆಯೇ ಹೋದೆ. ಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

"ಅದು ಎಲೆ ನೋಡ್ತು. ಸರಿ. ನೀನು ಎಲ್ಲಿ ನೋಡ್ತಿದ್ದೆ?"

ನಾನು ನೋಡುತ್ತಿದ್ದುದು ಮಿನುಗುವ ಕೆಂಪು ಚೌಕವನ್ನು. ಅದು ಬೀಪ್ ಎಂದಿತು, ನಾನೂ ಸರಿ ಎಂದೆ. ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ಗೀರನ್ನು ಹುಡುಕಿ ಹಿಡಿಯುವ ನಾನು, ಆಳುದ್ದದ ಚಿರತೆ ಎದುರಿಗೆ ಕೂತಾಗ ನೋಡುವ ಕೆಲಸವನ್ನು ಇನ್ನೊಬ್ಬರಿಗೆ ವಹಿಸಿ, ಗುಂಡಿ ಒತ್ತುವ ನೌಕರಿಗೆ ಸೇರಿಕೊಂಡಿದ್ದೆ. ಸಾಕ್ಷಿ ಹೇಳುವಾಗ ಯಂತ್ರ ಜೊತೆಗಿರಲಿಲ್ಲ, ನನ್ನ ಬಳಿ ಹೇಳಲು ಏನೂ ಇರಲಿಲ್ಲ.

ಮುಂದಿನ ಭಾನುವಾರ ಕರೆಯದಿದ್ದರೂ ಹೋದೆ. ಲೆನ್ಸಿನ ಪಕ್ಕದಲ್ಲೊಂದು ಪುಟ್ಟ ಸ್ವಿಚ್ಚಿತ್ತು, ಅದನ್ನು ಸರಿಸಿ ಆಟೊಫೋಕಸ್ಸಿಗೆ ರಜೆ ಕೊಟ್ಟೆ. ಇನ್ನು ಲೆನ್ಸಿನ ಸುತ್ತಲಿನ ಬಳೆಯಂಥ ಉಂಗುರವನ್ನು ಕೈಯಲ್ಲೇ ತಿರುಗಿಸಿ ಹೊಂದಿಸಬೇಕು. ಬೋಳು ಬಂಡೆಗೆ ಹೊಂದಿಸುವುದು ಹೇಗೆಂದು ಪರದಾಡುತ್ತಿದ್ದಾಗ, ಚಿಕ್ಕಮ್ಮ ಮಟಮಟ ಮಧ್ಯಾಹ್ನ, ಕುಡುಗೋಲು ಹಿಡಿದು, ತಾನೇ ಗುಡ್ಡ ಹತ್ತಿ ಚಿರತೆ ಕೂತಿದ್ದ ಜಾಗದಲ್ಲೇ ಕಾಲು ಚಾಚಿ ಕೂತಳು. ಆಕೆಯ ಮೂಗುಬಟ್ಟು ಫಳ್ಳೆಂದು ಹೊಳೆಯುವವರೆಗೆ ನಾನು ಉಂಗುರ ತಿರುಗಿಸಿದೆ. ಇಳಿದು ಬಂದವಳು ಛಾವಣಿ ಏರಿ ನನ್ನ ಪಕ್ಕ ಕೂತಳು.

ಸಂಜೆ ಅದು ಬಂತು. ಅದೇ ಬಂಡೆ, ಅದೇ ಜಾಗ. ಲೆನ್ಸು ಗುರ್ರೆನ್ನಲಿಲ್ಲ, ಚೌಕ ಮಿನುಗಲಿಲ್ಲ. ಚಿರತೆ ಮುಂಗಾಲು ನೆಕ್ಕಿತು, ಆಕಳಿಸಿತು. ಎಡಗಿವಿಯ ತುದಿ ಹರಿದಿತ್ತು. ಮೈಮೇಲಿನ ಕಪ್ಪು ಹೂಗಳು ಅದು ಉಸಿರಾಡಿದಂತೆ ಅರಳಿ ಮುದುಡುತ್ತಿದ್ದವು. ಎಷ್ಟು ಹೊತ್ತು ನೋಡಿದೆನೋ ತಿಳಿಯದು. ಅದು ಎದ್ದು ಬಂಡೆಯ ಆಚೆ ಇಳಿದುಹೋದ ಮೇಲೆ ನನ್ನ ಬೆರಳು ಇನ್ನೂ ಗುಂಡಿಯ ಮೇಲೆಯೇ ಇರುವುದು ಗಮನಕ್ಕೆ ಬಂತು.

ಒಂದೇ ಒಂದು ಚಿತ್ರವನ್ನೂ ತೆಗೆದಿರಲಿಲ್ಲ.

ನೇರ ಚಹಾದಂಗಡಿಗೆ ನಡೆದೆ. ಯಾರೂ ಕೇಳುವ ಮೊದಲೇ, ಚಿರತೆಯೇ, ನಾನು ಕಂಡೆ, ಎಡಗಿವಿ ಹರಿದಿದೆ ಎಂದೆ. ಫೋಟೊ ಎಲ್ಲಿ ಎಂದರು. ಇಲ್ಲ ಎಂದೆ. ನಗುವಿಗೆ ಎಲ್ಲರೂ ಬಾಯಿ ತೆರೆದಿದ್ದರು. ಆದರೆ ಚಿಕ್ಕಣ್ಣ ಲೋಟ ಕೆಳಗಿಟ್ಟ.

"ಎಡಗಿವಿನಾ?" ಎಂದ. "ನಾನೂ ಕಂಡಿವ್ನಿ ಕಣ್ಲಾ. ಹೋದ್ ತಿಂಗ್ಳು, ಮೇಕೆ ಹೋದ ದಿವ್ಸ. ನೀವೆಲ್ಲಾ ನಗ್ತೀರ ಅಂತ ಸುಮ್ಕಿದ್ದೆ."

ಆಮೇಲೆ ಜಗಲಿಯ ಮೂಲೆಮೂಲೆಯಿಂದ ಮಾತು ಹೊರಟಿತು. ಇನ್ನಿಬ್ಬರು ಕಂಡಿದ್ದರು. ಒಬ್ಬ ಅದರ ಭಯಕ್ಕೆ ಹೊಲದ ದಾರಿಯನ್ನೇ ಬದಲಿಸಿದ್ದ, ಹೆಂಡತಿಗೆ ಮಾತ್ರ ಮಂಡಿನೋವು ಎಂದಿದ್ದ. ನಾಲ್ಕು ಜನರ ಹೇಳಿಕೆ ಬರೆದುಕೊಂಡ ಗಾರ್ಡು ಅದೇ ವಾರ ಬೋನು ತರಿಸಿದ. ಚಿರತೆ ಬೋನಿನತ್ತ ಸುಳಿಯಲಿಲ್ಲ, ಆ ಬಂಡೆಯನ್ನೇ ಬಿಟ್ಟು ಎಲ್ಲಿಗೋ ಹೋಯಿತು. ಊರಿನವರು ಮಾತ್ರ ಸರದಿಯ ಮೇಲೆ ಚಿಕ್ಕಮ್ಮನ ಜೊತೆ ತೋಟಕ್ಕೆ ಹೋಗತೊಡಗಿದರು. ಮೊದಲ ಸರದಿ ಚಿಕ್ಕಣ್ಣನದು.

ಚಿರತೆ ಕಂಡ ಆ ಸಂಜೆ ನಾನು ಚಹಾದಂಗಡಿಯಿಂದ ಮರಳಿದಾಗ ಚಿಕ್ಕಮ್ಮ ಮನೆಯಲ್ಲಿ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು. ಫೋಟೊ ತೆಗೆಯಲಿಲ್ಲ ಎಂದು ತಲೆತಗ್ಗಿಸಿ ಹೇಳಿದೆ. ಆಕೆ ತಿರುಗಿ ನೋಡದೆ ಒಂದು ಹಿಡಿ ಸೊಪ್ಪನ್ನು ನನ್ನ ಕೈಗಿತ್ತಳು.

"ಬುಡು ಮಗ. ನಿಂಗೆ ಕಾಣ್ತಲ್ಲ."

ಹುಳುಗಳ ತಟ್ಟೆಯ ಇನ್ನೊಂದು ಬದಿಯಲ್ಲಿ ನಿಂತು ನಾನೂ ಸೊಪ್ಪು ಹರಡತೊಡಗಿದೆ. ಹುಳುಗಳು ಸಣ್ಣ ಮಳೆಯಂಥ ಸದ್ದು ಮಾಡುತ್ತಾ ಮೇಯುತ್ತಿದ್ದವು.