ಕೊನೆಯ ಬಸ್ಸಿನ ಹೊತ್ತು ಕೇಳುತ್ತಿದ್ದ ಹಾಲ್‌ಗ್ರೆನ್ ಮೇಡಂ

ನಡುರಾತ್ರಿ ದಾಟಿ ಅರ್ಧ ಗಂಟೆಯಾಗಿತ್ತು. ಅಡುಗೆಮನೆಯ ಗೋಡೆಯ ಮೇಲಿದ್ದ ಫೋನು ಒಮ್ಮೆ ಅರೆಬರೆ ಕಿಣಿಗುಟ್ಟಿ ಸುಮ್ಮನಾಯಿತು. ಯಾರೋ ಕರೆ ಮಾಡಲು ಹೋಗಿ, ಧೈರ್ಯ ಸಾಲದೆ ಇಟ್ಟುಬಿಟ್ಟ ಹಾಗೆ. ಶ್ರೀಮತಿ ವರ್ನಾ ಹಾಲ್‌ಗ್ರೆನ್ ಅವರು ಎದ್ದು ಹೋಗಿ, ದೀಪ ಹಾಕದೆ, ಅದರ ಪಕ್ಕದಲ್ಲೇ ಕಾದು ನಿಂತರು. ಮತ್ತೆ ಬಂದೇ ಬರುತ್ತದೆಂದು ಅವರಿಗೆ ಗೊತ್ತಿತ್ತು.

ಪೆನ್ಸಿಲ್ವೇನಿಯಾದ ಉತ್ತರದ ಅಂಚಿನಲ್ಲಿರುವ ನಮ್ಮ ಟ್ಯಾಮರಾಕ್ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಕಾಲೇಜು ಸಲಹೆಗಾರರಾಗಿ ದುಡಿದು ಈ ಜೂನ್ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಹಾಲ್‌ಗ್ರೆನ್ ಅವರನ್ನು ಬಲ್ಲವರು, ಅವರ ಕ್ಷೇತ್ರ ಎಷ್ಟು ಚಿಕ್ಕದೆಂಬುದನ್ನೂ ಬಲ್ಲರು. ಸಾವಿರ ಸಾವಿರದೈನೂರು ವಿದ್ಯಾರ್ಥಿಗಳ ಪುಟ್ಟ ಕಾಲೇಜುಗಳು, ಒಂಟಿಯಾಗಿ ಎಲ್ಲವನ್ನೂ ಕಲಿಸಲಾಗದೆ ನಾಲ್ಕೈದು ಸೇರಿ ಕಟ್ಟಿಕೊಂಡ ಒಕ್ಕೂಟಗಳು, ಆ ಒಕ್ಕೂಟಗಳಲ್ಲಿ ಯಾವುದು ನಮ್ಮ ಊರಿನ ಯಾವ ಮಗುವಿಗೆ ಒಗ್ಗುತ್ತದೆಂಬ ಪ್ರಶ್ನೆ, ಇಷ್ಟೇ ಅವರ ಲೋಕ. ಆದರೆ ಆ ಲೋಕವನ್ನು ಅವರಷ್ಟು ಕಾಲ್ನಡಿಗೆಯಲ್ಲಿ ಅಳೆದವರನ್ನು ಹತ್ತೊಂಬತ್ತು ವರ್ಷ ಅವರ ಪಕ್ಕದ ಮೇಜಿನಲ್ಲಿ ಕುಳಿತ ನಾನಂತೂ ಕಂಡಿಲ್ಲ.

ಆ ರಾತ್ರಿಯ ಸಂಗತಿ ಅವರ ಸೇವೆಯ ಮೂರನೆಯ ವರ್ಷದ್ದು, ನಾನು ಶಾಲೆಗೆ ಬರುವ ಮುಂಚಿನದು. ಆ ರಾತ್ರಿ ಕರೆ ಮಾಡಿದ ಹಳೆಯ ವಿದ್ಯಾರ್ಥಿನಿ ನೆಲ್ ಬ್ರಾಂಟ್ಲಿ ಅವರೇ ಈ ಬೀಳ್ಕೊಡುಗೆ ಸಂಪುಟಕ್ಕೆಂದು ಬರೆದು ಕಳಿಸಿದ ಪತ್ರದಿಂದ, ಅವರ ಒಪ್ಪಿಗೆ ಪಡೆದು, ಇಲ್ಲಿ ಹೇಳುತ್ತಿದ್ದೇನೆ.

ನೆಲ್ ಹಾಲಿನ ಟ್ಯಾಂಕರ್ ಓಡಿಸುತ್ತಿದ್ದ ಗೇಲ್ ಬ್ರಾಂಟ್ಲಿಯವರ ಒಬ್ಬಳೇ ಮಗಳು. ಹದಿನೇಳನೆಯ ವಯಸ್ಸಿಗೇ ಖಗೋಳಶಾಸ್ತ್ರ ಬಿಟ್ಟು ಬೇರೇನೂ ಬೇಡವೆಂದು ಹಟ ಹಿಡಿದಿದ್ದಳು. ಎರಡು ಕಾಲೇಜುಗಳು ಅವಳನ್ನು ಕರೆದಿದ್ದವು. ಎಂಬರ್ಟನ್ ಕಾಲೇಜಿನ ಒಕ್ಕೂಟದಲ್ಲಿ ಮೂರೇ ಕಾಲೇಜು, ರಸ್ತೆ ದಾಟಿದರೆ ಒಂದರಿಂದ ಇನ್ನೊಂದು, ಆದರೆ ಮೂರಕ್ಕೂ ಸೇರಿ ಖಗೋಳಕ್ಕೆ ಇದ್ದವರು ಒಬ್ಬರೇ ಮೇಷ್ಟ್ರು. ಲಾರ್ಕ್‌ಮಿಯರ್‌ನ ಒಕ್ಕೂಟದಲ್ಲಿ ಐದು ಕಾಲೇಜು. ಲಾರ್ಕ್‌ಮಿಯರ್‌ನಲ್ಲಿ ಖಗೋಳವೇ ಇಲ್ಲದಿದ್ದರೂ ಜೊತೆಗಾರ ಕಾಲೇಜಾದ ಕಾರ್ವರ್ಡೇಲ್‌ನಲ್ಲಿ ದೊಡ್ಡ ದೂರದರ್ಶಕವಿತ್ತು, ಆರು ಜನ ಅಧ್ಯಾಪಕರಿದ್ದರು. ಪಾಠಪಟ್ಟಿಯನ್ನು ಮೂರು ಸಲ ಓದಿದ ಹಾಲ್‌ಗ್ರೆನ್ ಅವರು ಲಾರ್ಕ್‌ಮಿಯರ್ ಎಂದರು. ಮಗಳನ್ನು ದೂರದ ಕಾಲೇಜಿಗೆ ಕಳಿಸುವುದಕ್ಕೇ ಅಂಜುತ್ತಿದ್ದ ತಂದೆ, ಅವರ ಮಾತಿನ ಮೇಲೆ ಭಾರ ಹಾಕಿ ಒಪ್ಪಿದರು.

ಫೋನು ಮತ್ತೆ ಬಡಿದುಕೊಂಡಿತು.

"ಮಿಸೆಸ್ ಎಚ್, ಎಬ್ಬಿಸ್ಬಿಟ್ನಾ?"

"ಎದ್ದೇ ಇದ್ದೆ. ಎಲ್ಲಿದೀಯ ನೆಲ್?"

"ಹಾಸ್ಟೆಲಲ್ಲಿ. ಈಗ ಬಂದೆ. ನಡ್ಕೊಂಡು."

ಕಾರ್ವರ್ಡೇಲ್‌ನಲ್ಲಿ ವೀಕ್ಷಣೆಯ ತರಗತಿ ರಾತ್ರಿ ಎಂಟಕ್ಕೆ. ದೂರದರ್ಶಕದ ಗುಂಬಜು ತೆರೆದು, ಸಾಲಿನಲ್ಲಿ ತನ್ನ ಸರದಿ ಬರುವಾಗ ಹತ್ತು. ಲಾರ್ಕ್‌ಮಿಯರ್‌ಗೆ ಒಕ್ಕೂಟದ ಕೊನೆಯ ಬಸ್ಸು ಒಂಬತ್ತು ನಲವತ್ತಕ್ಕೆ. ಮೊದಲ ವರ್ಷದವರು ಕಾರು ಇಟ್ಟುಕೊಳ್ಳುವಂತಿಲ್ಲ. ನಾಲ್ಕು ವಾರ ನೆಲ್ ಏನನ್ನೂ ನೋಡದೆ ಬಸ್ಸಿಗೆ ಓಡಿದ್ದಳು. ಐದನೆಯ ವಾರ ಓಡಲಿಲ್ಲ. ಆಮೇಲೆ ಏಳು ಮೈಲಿ, ಅಂಚಿನಲ್ಲಿ ಕಾಲಿಡಲು ಜಾಗವಿಲ್ಲದ ಕತ್ತಲ ರಸ್ತೆಯಲ್ಲಿ ಒಬ್ಬಳೇ.

"ಅಪ್ಪಂಗೆ ಮಾತ್ರ ಹೇಳ್ಬೇಡಿ. ಗೊತ್ತಾದ್ರೆ ನಾಳೆನೇ ಗಾಡಿ ತಗೊಂಡು ಬಂದು ನನ್ನ ಮನೆಗೆ ಹಾಕ್ಕೊಂಡು ಹೋಗ್ತಾರೆ. ಮುಗೀತು ಅಷ್ಟೇ, ಮತ್ತೆ ಕಳಿಸಲ್ಲ."

ಹಾಲ್‌ಗ್ರೆನ್ ಅವರು ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ಕೇಳಿದರು: "ಏನಾದ್ರೂ ಕಾಣಿಸ್ತಾ?"

"ಶನಿ. ಉಂಗುರ ನಿಜವಾಗ್ಲೂ ಇದೆ ಮಿಸೆಸ್ ಎಚ್. ಚಿತ್ರದಲ್ಲಿರೋ ಥರಾನೇ."

"ನಾನಾಗಿ ನಿಮ್ಮಪ್ಪಂಗೆ ಹೇಳಲ್ಲ. ಆದ್ರೆ ಇನ್ಮೇಲೆ ನೀನು ನಡ್ಯೋ ಹಾಗಿಲ್ಲ. ತಪ್ಪು ನಂದು. ಪಟ್ಟಿ ಓದ್ದೆ, ಬಸ್ಸು ನೋಡ್ಲಿಲ್ಲ."

ಶುಕ್ರವಾರ ಶಾಲೆ ಬಿಟ್ಟೊಡನೆ ನಾಲ್ಕು ಗಂಟೆ ಕಾರು ಓಡಿಸಿಕೊಂಡು ಲಾರ್ಕ್‌ಮಿಯರ್‌ಗೆ ಹೋದರು. ಶನಿವಾರ ಬೆಳಿಗ್ಗೆ ಏಳರಿಂದ ರಾತ್ರಿಯವರೆಗೆ ಒಕ್ಕೂಟದ ಬಸ್ಸಿನಲ್ಲಿ ಕುಳಿತು, ಐದೂ ಕಾಲೇಜುಗಳ ನಡುವಿನ ಪ್ರತಿ ನಿಲ್ದಾಣದ ನಿಮಿಷಗಳನ್ನು ಬರೆದುಕೊಂಡರು. ಸೋಮವಾರ ರಜೆ ಹಾಕಿ ಒಕ್ಕೂಟದ ಸಂಯೋಜಕ ಲೈಲ್ ಎಂಬವರ ಕಚೇರಿಯಲ್ಲಿ ಕೂತರು.

"ನೋಡಿ ಮೇಡಂ, ಬಸ್ಸಿನ ವೇಳೆ ನಾವು ಮಾಡೋದು. ಕ್ಲಾಸಿನ ವೇಳೆ ಕಾಲೇಜಿನೋರು ಮಾಡೋದು," ಎಂದರು ಲೈಲ್.

"ಸರಿ. ಆ ಹುಡುಗಿ ಮನೆ ಸೇರೋ ವೇಳೆ ಯಾರು ಮಾಡೋದು?"

"ಒಬ್ಬ ಹುಡುಗಿಗೋಸ್ಕರ ಬಸ್ಸು ಓಡ್ಸಕ್ಕಾಗುತ್ತಾ?"

"ಐದು ಕಾಲೇಜು ಒಂದೇ ಅಂತ ಅಚ್ಚು ಹಾಕ್ಸಿದೀರಲ್ಲ ಸ್ವಾಮಿ, ಒಂಬತ್ತು ನಲವತ್ತರವರೆಗೆ ಮಾತ್ರ ಒಂದೇ ಅಂತಾನೂ ಹಾಕ್ಸಿ."

ಬಸ್ಸು ಸಿಗಲಿಲ್ಲ. ಆದರೆ ಹಾಲ್‌ಗ್ರೆನ್ ಅವರು ಅಲ್ಲೇ ಕೂತು ಒಕ್ಕೂಟದ ನಿಯಮಾವಳಿಯನ್ನು ಮೊದಲಿನಿಂದ ಓದುತ್ತಾ ಹೋಗಿ, ಜೊತೆಗಾರ ಕಾಲೇಜಿನ ಹಾಸ್ಟೆಲಿನಲ್ಲಿ ಒಂದು ಅವಧಿ ಉಳಿದು ಓದಬಹುದೆಂಬ ನಿಯಮವನ್ನು ಹುಡುಕಿ ತೆಗೆದರು. ಲೈಲ್ ಅವರಿಗೇ ಅದು ನೆನಪಿರಲಿಲ್ಲವಂತೆ. ಜನವರಿಯಿಂದ ನೆಲ್ ಕಾರ್ವರ್ಡೇಲ್‌ನಲ್ಲಿದ್ದಳು, ದೂರದರ್ಶಕದಿಂದ ಇನ್ನೂರು ಹೆಜ್ಜೆ ದೂರದಲ್ಲಿ. ಅಲ್ಲಿಯವರೆಗಿನ ವಾರಗಳಲ್ಲಿ ಅವಳನ್ನು ಕಾರಿನಲ್ಲಿ ಬಿಟ್ಟು ಬರಲು ಅಧ್ಯಾಪಕಿಯೊಬ್ಬರು ಒಪ್ಪಿದರು. ಈಗ ನೆಲ್ ಬೇರೆ ರಾಜ್ಯದಲ್ಲಿ ಖಗೋಳವನ್ನೇ ಕಲಿಸುತ್ತಿದ್ದಾರೆ.

ಅಂದಿನಿಂದ ಪ್ರತಿ ಏಪ್ರಿಲ್‌ನಲ್ಲಿ, ಮೇ ಒಂದರೊಳಗೆ ಕಾಲೇಜುಗಳಿಗೆ ಉತ್ತರ ಕೊಡಬೇಕಾದ ಮಕ್ಕಳನ್ನು ಶಾಲೆಯ ವ್ಯಾನಿನಲ್ಲಿ ತುಂಬಿಕೊಂಡು ಹೋಗಿ ಒಕ್ಕೂಟಗಳ ಬಸ್ಸು ಹತ್ತಿಸುವುದು ಅವರ ಪದ್ಧತಿಯಾಯಿತು. ಗ್ರಂಥಾಲಯದ ಪುಸ್ತಕ ಪಕ್ಕದ ಕಾಲೇಜಿನಿಂದ ಬರಲು ಎಷ್ಟು ದಿನ, ಎರಡೂ ಕಡೆ ರಜೆ ಒಂದೇ ವಾರ ಬೀಳುತ್ತದೆಯೇ, ಪಕ್ಕದ ಕಾಲೇಜಿನ ತರಗತಿಯಲ್ಲಿ ಅಲ್ಲಿನ ಮಕ್ಕಳಿಗೆ ಮೊದಲು ಜಾಗ ಕೊಟ್ಟ ಮೇಲೆ ನಮಗೆ ಉಳಿಯುವುದೆಷ್ಟು, ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಇವನ್ನು ಅವರ ಮಕ್ಕಳು ಪ್ರವೇಶಾಧಿಕಾರಿಗಳನ್ನು ಕೇಳಿ ಕೇಳಿ ಅವರ ಬೆವರಿಳಿಸುತ್ತಿದ್ದರು. ಒಮ್ಮೆ ಟೋಬಿನ್ ಎಂಬ ಹುಡುಗ, "ಐದು ಊಟದ ಹಾಲ್ ಇದೆ ಮಿಸೆಸ್ ಎಚ್, ಎಲ್ಲಿ ಬೇಕಾದ್ರೂ ತಿನ್ಬಹುದು!" ಎಂದು ಕುಣಿದಾಗ ನಾನೂ ಅಲ್ಲೇ ಇದ್ದೆ.

"ಇರ್ಲಪ್ಪ. ಎರಡು ಕ್ಲಾಸಿನ ಮಧ್ಯೆ ಐವತ್ತು ನಿಮಿಷ. ಬಸ್ಸಲ್ಲಿ ಹೋಗಿಬರೋಕೆ ನಲವತ್ನಾಲ್ಕು. ಆರು ನಿಮಿಷದಲ್ಲಿ ಎಷ್ಟು ಪಿಜ್ಜಾ ನುಂಗ್ತೀಯ, ಅದನ್ನ ಹೇಳು."

ಏಪ್ರಿಲ್‌ನಲ್ಲಿ ಅವರು ಸಹೋದ್ಯೋಗಿಗಳ ಮೇಲೆ ಸಿಡುಕುತ್ತಿದ್ದರು ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ನನ್ನ ಮೇಲೂ ಸಿಡುಕಿದ್ದಾರೆ. ಆದರೆ ಯಾವ ಮಗುವಿಗೂ ಅವರು ತಮ್ಮ ಆಯ್ಕೆಯನ್ನು ಹೇರಿದ್ದನ್ನು ಕಾಣೆ. "ಒಂದ್ಸಲ ನಾನೇ ಆರಿಸಿ ಕೊಟ್ಟೆ. ಕಾಲು ನೊಂದಿದ್ದು ಬೇರೆಯವರದ್ದು," ಎನ್ನುತ್ತಿದ್ದರು, ಹೆಸರು ಹೇಳದೆ. ಆ ಹುಡುಗಿಯ ತಂದೆಗೆ ಎಂದಾದರೂ ಹೇಳಬೇಕಿತ್ತೆಂಬ ಕೊರಗು ಅವರಿಗೆ ಇಂದಿಗೂ ಇದೆಯೆಂದು ನಾನು ಬಲ್ಲೆ.

ಅವರಿಗೆ ದೀರ್ಘಾಯುಸ್ಸು ಸಿಗಲಿ, ಮೊಣಕಾಲು ಹಿಡಿದುಕೊಳ್ಳದಿರಲಿ, ಮುಂದಿನ ಏಪ್ರಿಲ್‌ನಲ್ಲೂ ವ್ಯಾನಿನಲ್ಲಿ ಅವರಿಗೊಂದು ಸೀಟು ಇದ್ದೇ ಇರುತ್ತದೆ, ಬಂದು ಕೂರಲಿ ಎಂದು ನಮ್ಮೆಲ್ಲರ ಪರವಾಗಿ ಹಾರೈಸುತ್ತೇನೆ.

ಇಲ್ಲಿಗೆ ಮುಗಿಸುವವಳಿದ್ದೆ. ಆದರೆ ಈ ಲೇಖನಕ್ಕಾಗಿ ಗೇಲ್ ಬ್ರಾಂಟ್ಲಿಯವರನ್ನು ನೋಡಲು ಹೋದಾಗ, ಎಂಬತ್ತೊಂದರ ಆ ಹಿರಿಯರು ನನ್ನ ಮಾತನ್ನು ಅರ್ಧಕ್ಕೇ ತಡೆದರು. "ಅದೆಲ್ಲ ಗೊತ್ತಮ್ಮ ನಂಗೆ. ಬರ್ಕೊಳ್ಳಿ, ಅವರಿಗೂ ತಿಳೀಲಿ."

ಆ ವಾರ ಫೋನಿನಲ್ಲಿ ಮಗಳ ದನಿ ಅವರಿಗೆ ಸರಿ ಕಂಡಿರಲಿಲ್ಲ. ಶನಿವಾರ ಯಾರಿಗೂ ಹೇಳದೆ, ಅವಳನ್ನು ಕರೆತಂದೇ ಬಿಡುವುದೆಂದು ಹೊರಟು, ಮಧ್ಯಾಹ್ನ ಲಾರ್ಕ್‌ಮಿಯರ್ ನಿಲ್ದಾಣದ ಎದುರು ಗಾಡಿ ನಿಲ್ಲಿಸಿದರು. ಬಸ್ಸಿನ ಕಿಟಕಿಯಲ್ಲಿ ಹಾಲ್‌ಗ್ರೆನ್ ಅವರು ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು ಏನೋ ಬರೆಯುತ್ತಿದ್ದರು. ಬಸ್ಸು ಹೋಯಿತು, ಸುತ್ತಿ ಬಂದಿತು. ಅವರು ಇಳಿಯಲಿಲ್ಲ. ಗೇಲ್ ಹೋಗಿ, ಕೆಳಗಿಳಿದು ನಿಂತಿದ್ದ ಚಾಲಕನನ್ನು ಮರೆಯಲ್ಲಿ ವಿಚಾರಿಸಿದರು. "ಯಾವುದೋ ಹುಡುಗಿ ರಾತ್ರಿ ಬಸ್ಸು ತಪ್ಪಿ ನಡ್ಕೊಂಡು ಹೋದ್ಲಂತೆ," ಎಂದನಂತೆ ಅವನು, "ಆಯಮ್ಮ ಬೆಳಿಗ್ಗೆಯಿಂದ ನನ್ನ ಪ್ರಾಣ ತಿಂತಿದಾಳೆ."

ಯಾವ ಹುಡುಗಿ ಎಂದು ತಂದೆ ಕೇಳಲಿಲ್ಲ. ಹಾಸ್ಟೆಲಿನ ಬಾಗಿಲು ಎದುರಿಗೇ ಇತ್ತು. ಮೂರನೆಯ ಸುತ್ತಿಗೂ ಬಸ್ಸು ಬಂದು ಹೋಗುವವರೆಗೆ ಗಾಡಿಯಲ್ಲೇ ಕೂತಿದ್ದು, ಆಮೇಲೆ ಮನೆಯ ಕಡೆ ತಿರುಗಿಸಿದರು. ಎಲ್ಲಿಗೆ ಹೋಗಿದ್ದಿರಿ ಎಂದು ಹೆಂಡತಿ ಕೇಳಿದರೆ ಟೈರು ಬದಲಿಸಲು ಎನ್ನುವುದೆಂದು, ಮಗಳಿಗೂ, ಆ ಮೇಡಂಗೂ, ಮತ್ತೆ ಯಾರಿಗೂ ಇದನ್ನು ಹೇಳಬಾರದೆಂದು, ದಾರಿಯಲ್ಲೇ ತೀರ್ಮಾನಿಸಿದರು.